ಊರಿನ ಲೈಸೆನ್ಸ್ ರಿನ್ಯೂ ಮಾಡಿಸಲು ಊರಿಗೇ ಹೋಗಬೇಕಾ?

ಪ್ರಶ್ನೆ: ನನ್ನ ಡ್ರೈವಿಂಗ್ ಲೈಸೆನ್ಸ್ ಉಡುಪಿಯದ್ದು. ಈಗ ಇರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಮುಂದಿನ ತಿಂಗಳು ಅವಧಿ ಮುಗಿಯುತ್ತದೆ. ರಿನ್ಯೂ ಮಾಡಿಸಲು ಊರಿಗೆ ಹೋಗಬೇಕಾ, ಇಲ್ಲಾ ಅಲ್ಲಿಂದ ಎನ್‌ಒಸಿ (ನಮ್ಮ ಅಭ್ಯಂತರವಿಲ್ಲ ಎಂಬ ಪತ್ರ) ತರಿಸಿದರೆ ಸಾಕಾ?

ಉತ್ತರ: ಎರಡೂ ಬೇಡ. ನಿಮಗೆ ಕಲ್ಯಾಣದ ಆರ್‌ಟಿಒ ಇದೆ. ಕೆಲಸ ಅಲ್ಲೇ ಆಗುತ್ತದೆ.

ಈ ಮಾತನ್ನು ಎಷ್ಟು ಮಂದಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಕೂತರೂ ಪಕ್ಕದವರು ಇದನ್ನೇ ಕೇಳುತ್ತಾರೆ. ನಮ್ಮ ಬಿಲ್ಡಿಂಗಿನವರೊಬ್ಬರು ಬರೀ ಇದಕ್ಕಾಗಿ ಮೂರು ದಿನ ರಜೆ ಹಾಕಿ ಊರಿಗೆ ಹೋಗುವ ಮತ್ಸ್ಯಗಂಧ ರೈಲು ಹತ್ತಿದರು. ‘ಎನ್‌ಒಸಿ ಇಲ್ದೆ ಇಲ್ಲಿ ಫೈಲೇ ಮುಟ್ಟೋದಿಲ್ಲ’ ಎಂದು ಏಜೆಂಟ್ ಒಬ್ಬ ಹೆದರಿಸಿದ್ದನಂತೆ. ವಾಪಸು ಬಂದ ಮೇಲೆ ನನಗೆ ಹೇಳಿದರು. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ದಿನಗೂಲಿ ಲೆಕ್ಕದಲ್ಲಿ ದುಡಿಯುವ ಮನುಷ್ಯ, ಮೂರು ದಿನದ ದುಡಿಮೆ ಸುಮ್ನೆ ಹೋಯಿತು.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 15ನೇ ಸೆಕ್ಷನ್ ತೆಗೆದು ನೋಡಿ. ಲೈಸೆನ್ಸನ್ನು ‘ಯಾವುದೇ’ ಲೈಸೆನ್ಸಿಂಗ್ ಅಧಿಕಾರಿ ರಿನ್ಯೂ ಮಾಡಬಹುದು ಅಂತಲೇ ಅದು ಶುರುವಾಗುತ್ತದೆ. ಕೊಟ್ಟವರೇ ಆಗಬೇಕು ಅಂತ ಎಲ್ಲೂ ಇಲ್ಲ. ಇನ್ನೂ ಸ್ವಲ್ಪ ಕೆಳಗೆ ಬನ್ನಿ. ಬೇರೆ ಕಚೇರಿ ರಿನ್ಯೂ ಮಾಡಿದರೆ, ಮೂಲ ಕಚೇರಿಗೆ ವಿಷಯ ತಿಳಿಸುವುದು ಆ ಕಚೇರಿಯದ್ದೇ ಜವಾಬ್ದಾರಿ. ನಿಮ್ಮದಲ್ಲ. ಹಾಗಿದ್ದ ಮೇಲೆ ನೀವು ಕಾಗದ ಹಿಡಿದುಕೊಂಡು ಓಡಾಡುವುದು ಯಾಕೆ?

ಹಾಗಾದರೆ ಈ ಎನ್‌ಒಸಿ ಮಾತು ಹುಟ್ಟಿದ್ದೆಲ್ಲಿ? ಗಾಡಿಯಿಂದ. ಗಾಡಿಯನ್ನು ಇನ್ನೊಂದು ರಾಜ್ಯಕ್ಕೆ ವರ್ಗ ಮಾಡುವಾಗ ಎನ್‌ಒಸಿ ಬೇಕೇ ಬೇಕು. ಅದು 48ನೇ ಸೆಕ್ಷನ್. ನಮ್ಮವರು ಗಾಡಿಯ ನಿಯಮವನ್ನು ತಂದು ಲೈಸೆನ್ಸಿಗೆ ಅಂಟಿಸಿಬಿಟ್ಟರು. ಕಾರ್ಡಿನ ನಂಬರ್ ಕೂಡ ಈ ಗೊಂದಲಕ್ಕೆ ನೀರೆರೆಯುತ್ತದೆ. ನಿಮ್ಮ ಕಾರ್ಡ್ ಕೈಗೆ ತಗೊಳ್ಳಿ. ಮೊದಲಿಗೆ ಕೆಎ 20, ಆಮೇಲೆ ಲೈಸೆನ್ಸ್ ಸಿಕ್ಕಿದ ವರ್ಷ, ಆಮೇಲೆ ಏಳು ಅಂಕಿ. ಕೆಎ 20 ಎಂದರೆ ಉಡುಪಿಯಲ್ಲಿ ಕೊಟ್ಟದ್ದು ಎಂದಷ್ಟೇ. ಉಡುಪಿಗೇ ಕಟ್ಟಿಹಾಕಿದ್ದು ಎಂದಲ್ಲ. 13ನೇ ಸೆಕ್ಷನ್ ಪ್ರಕಾರ ಅದು ಇಡೀ ದೇಶಕ್ಕೆ ನಡೆಯುತ್ತದೆ.

ಒಂದೇ ಒಂದು ಕಡೆ ಊರಿನ ಕಚೇರಿ ಬೇಕಾಗುತ್ತದೆ. ನಿಮ್ಮದು ಹಳೇ ಪುಸ್ತಕದ ಲೈಸೆನ್ಸ್ ಆಗಿದ್ದು, ಲೈಸೆನ್ಸ್ ಕೆಲಸಕ್ಕೆಂದೇ ಇರುವ ಸರಕಾರದ ಸಾರಥಿ ಪೋರ್ಟಲ್‌ನಲ್ಲಿ ನಂಬರ್ ಹಾಕಿದರೆ ಏನೂ ಬರದಿದ್ದರೆ, ಮೂಲ ಆರ್‌ಟಿಒದವರು ಅದನ್ನು ಕಂಪ್ಯೂಟರಿಗೆ ಏರಿಸಿಕೊಡಬೇಕು. ಇದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅನ್ನುತ್ತಾರೆ. ಹಾಗಾಗಿ ಮೊದಲು ಸಾರಥಿಯಲ್ಲಿ ನಂಬರ್ ಹಾಕಿ ನೋಡಿ. ಹೆಸರು ಬಂತಾ, ಮುಗಿಯಿತು.

ಉಳಿದದ್ದು ಸುಲಭ. ಪರಿವಾಹನ್ ಸೈಟಿನಲ್ಲಿ ಸಾರಥಿಗೆ ಹೋಗಿ, ರಾಜ್ಯ ಕೇಳಿದಾಗ ಮಹಾರಾಷ್ಟ್ರ ಒತ್ತಿ. ಜಾಸ್ತಿ ಜನ ಕರ್ನಾಟಕ ಒತ್ತಿ ಇಲ್ಲೇ ಎಡವುತ್ತಾರೆ. ರಿನ್ಯೂವಲ್ ಫೀಸು 200 ರೂಪಾಯಿ, ಕಾರ್ಡಿಗೆ ಬೇರೆ. ವಯಸ್ಸು 40 ದಾಟಿದ್ದರೆ ಡಾಕ್ಟರ್ ಸಹಿ ಇರುವ ಫಾರ್ಮ್ 1ಎ ಬೇಕು. ಇಪ್ಪತ್ತನೇ ವಯಸ್ಸಿಗೆ ಲೈಸೆನ್ಸ್ ತೆಗೆದು ಇಪ್ಪತ್ತು ವರ್ಷ ಓಡಿಸಿದವರೆಲ್ಲ ಈಗ ಆ ಸಾಲಿಗೇ ಬರುತ್ತಾರೆ, ಅಲ್ವಾ? ಆಧಾರ್‌ನಲ್ಲಿ ಇನ್ನೂ ಊರಿನ ವಿಳಾಸವೇ ಇದ್ದರೆ ಮೊದಲು ಅದನ್ನು ಇಲ್ಲಿನದಕ್ಕೆ ಬದಲಿಸಿಕೊಳ್ಳಿ. ನಿಜವಾದ ತೊಡಕು ಅಲ್ಲಿರುತ್ತದೆ, ಎನ್‌ಒಸಿಯಲ್ಲಲ್ಲ.

ತಡ ಮಾತ್ರ ಮಾಡಬೇಡಿ. ಅವಧಿ ಮುಗಿದ ಮೇಲೂ 30 ದಿನ ಓಡಿಸಬಹುದು ಎಂಬ ಹಳೇ ಸವಲತ್ತನ್ನು 2019ರ ತಿದ್ದುಪಡಿ ತೆಗೆದುಹಾಕಿದೆ. ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ರಗಳೆಯೇ ಬೇಡವೆಂದು ಇಲ್ಲಿ ಹೊಸದಾಗಿ ಇನ್ನೊಂದು ಲೈಸೆನ್ಸ್ ಮಾಡಿಸಿಕೊಳ್ಳಲು ಹೊರಡುವವರೂ ಇದ್ದಾರೆ. ಒಬ್ಬರ ಹತ್ತಿರ ಎರಡು ಲೈಸೆನ್ಸ್ ಇರುವಂತಿಲ್ಲ.

ನೀವು ಕೇಳಲಿಲ್ಲ, ಆದರೂ ಗಾಡಿಯ ಮಾತು ಬಂತಲ್ಲ, ಹೇಳಿಯೇ ಬಿಡುತ್ತೇನೆ. ಊರಿಂದ ಕೆಎ ನಂಬರಿನ ಕಾರು ತಂದು ಇಲ್ಲೇ ಇಟ್ಟುಕೊಂಡಿದ್ದೀರಾ? 12 ತಿಂಗಳು ದಾಟಿದರೆ ಮಹಾರಾಷ್ಟ್ರದ ನಂಬರ್ ಮಾಡಿಸಬೇಕು. ಇಲ್ಲಿನ ಟ್ಯಾಕ್ಸ್ ಕಟ್ಟಿದ ಮೇಲೆ, ಅಲ್ಲಿ ಕಟ್ಟಿದ ಲೈಫ್‌ಟೈಮ್ ಟ್ಯಾಕ್ಸಿನಲ್ಲಿ ಉಳಿದ ಪಾಲನ್ನು ವಾಪಸು ಕೇಳಬಹುದು. ಎಷ್ಟೋ ಮಂದಿ ಈ ದುಡ್ಡನ್ನು ಕೇಳುವುದೇ ಇಲ್ಲ. ಊರಿನ ಆರ್‌ಟಿಒದಿಂದ ಎನ್‌ಒಸಿ ಬೇಕಾಗುವುದು ಈ ಕೆಲಸಕ್ಕೆ. ಕಾರಿನ ಮೇಲೆ ಸಾಲ ಬಾಕಿ ಇದ್ದರೆ, ಅದಕ್ಕೂ ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ ತೆಗೆದಿಟ್ಟುಕೊಳ್ಳಿ.