ಬಣ್ಣ ಬಿಡಿ, ಕಾಲು ಎಣಿಸಿ

ಗೋಡೆ ಮೇಲೆ ಗೊತ್ತಿಲ್ಲದ ಮರಿಹುಳು (ಚಿಟ್ಟೆಯದೋ ಪತಂಗದ್ದೋ ಮರಿ) ಕಂಡರೆ ಮೊದಲ ಪ್ರಶ್ನೆ ಒಂದೇ: ‘ಹಸಿರಾಗಿದೆ, ಬಾಲದಲ್ಲಿ ಮುಳ್ಳಿದೆ, ವಿಷವಾ?’ ಆ ಮುಳ್ಳು ಹಾಕ್‌ಮಾತ್ ಪತಂಗದ ಮರಿಯ ಕೊಂಬು, ಚುಚ್ಚುವುದಿಲ್ಲ. ಇನ್ನು ಬಣ್ಣ ನಂಬುವುದೆಂದರೆ ಅಂಗಿ ನೋಡಿ ಮನುಷ್ಯನ ಹೆಸರು ಹೇಳಿದ ಹಾಗೆ. ನಿಂಬೆ ಚಿಟ್ಟೆಯ ಮರಿ ಮೊದಲು ಹಕ್ಕಿ ಹಿಕ್ಕೆಯ ಥರ ಕಂದು-ಬಿಳಿ. ನಾಲ್ಕು ಸಲ ಪೊರೆ ಕಳಚಿದ ಮೇಲೆ ಅಚ್ಚ ಹಸಿರು!

ಯಾವ ಹುಳು ಅಂತ ತಿಳಿಯಬೇಕಾ? ಸುಮ್ನೆ ಕಾಲು ಎಣಿಸಿ. ತಲೆಯ ಹಿಂದೆ ಮೂರು ಜೊತೆ ಗಟ್ಟಿ ಕಾಲು. ಚಿಟ್ಟೆಗೂ ಆರೇ ಕಾಲು ಅಲ್ವಾ, ಲೆಕ್ಕ ಸರಿ. ಹೊಟ್ಟೆಯಡಿ ಇರುವ ಮೆತ್ತನೆಯ ದುಂಡು ಕಾಲುಗಳು ಮಾತ್ರ ಬರೀ ವೇಷ. ನೀರು ತುಂಬಿದ ಬಲೂನಿನ ಹಾಗೆ ಒಳಗಿನ ದ್ರವದಿಂದ ಉಬ್ಬಿ ನಿಂತಿರುತ್ತವೆ. ಅವುಗಳ ತುದಿಯಲ್ಲಿ ಸಾಲು ಸಾಲು ಪುಟ್ಟ ಕೊಕ್ಕೆಗಳು, ಒಂಥರಾ ವೆಲ್ಕ್ರೊ. ಮಜಾ ಏನೆಂದರೆ, ಹಿಡಿದಿರಲು ಹುಳುವಿಗೆ ಶ್ರಮವೇ ಇಲ್ಲ. ಬಿಡಿಸಿಕೊಳ್ಳಲು ಸ್ನಾಯು ಎಳೆಯಬೇಕು. ಬಟ್ಟೆ ಒಣಹಾಕುವ ಕ್ಲಿಪ್ಪೂ ಹೀಗೇ: ತಾನಾಗಿ ಕಚ್ಚಿಕೊಂಡಿರುತ್ತದೆ, ಒತ್ತಿದರಷ್ಟೇ ಬಿಡುತ್ತದೆ. ಅದಕ್ಕೇ ಹುಳುವನ್ನು ಕೀಳಬೇಡಿ, ಎಲೆ ಸಮೇತ ಎತ್ತಿ.

ಈ ವೇಷದ ಕಾಲು ಹೆಚ್ಚೆಂದರೆ ಐದು ಜೊತೆ. ಎರಡೇ ಜೊತೆ ಇದ್ದು, ಗೇಣು ಹಾಕುತ್ತಾ ನಡೆದರೆ ಅದೊಂದು ಪತಂಗದ ಮರಿ. ಆರು ಜೊತೆಯೋ ಇನ್ನೂ ಜಾಸ್ತಿಯೋ ಇದ್ದರೆ? ಅದು ಚಿಟ್ಟೆಯೂ ಆಗುವುದಿಲ್ಲ, ಪತಂಗವೂ ಆಗುವುದಿಲ್ಲ. ಕಣಜದ ನೆಂಟ, ಗರಗಸ ನೊಣದ ಮರಿ.

ಆಮೇಲೆ ಎಲೆ. ಊಟದ ವಿಷಯದಲ್ಲಿ ಬಹಳ ಹುಳುಗಳು ಹಠಮಾರಿಗಳು. ಯಾವ ಗಿಡ ತಿನ್ನುತ್ತಿತ್ತು ಅನ್ನುವುದೇ ಅರ್ಧ ವಿಳಾಸ. ಜರ್ಮನಿಯ ಮರಿಯಾ ಸಿಬಿಲ್ಲಾ ಮೇರಿಯನ್ ಹದಿಮೂರನೇ ವಯಸ್ಸಿಗೇ ರೇಷ್ಮೆಹುಳು ಸಾಕಿದ ಹುಡುಗಿ. ಹುಳು, ಗೂಡು, ಪತಂಗ, ಅದು ತಿನ್ನುವ ಗಿಡ, ನಾಲ್ಕನ್ನೂ ಒಂದೇ ಚಿತ್ರದಲ್ಲಿ ಸೇರಿಸಿ 1679ರಲ್ಲಿ ಪುಸ್ತಕ ತಂದರು. ಕೊಳೆತದ್ದರಿಂದ ಹುಳು ತಾನಾಗಿ ಹುಟ್ಟುತ್ತದೆ ಅಂತ ಬಹಳ ಜನ ನಂಬಿದ್ದ ಕಾಲ ಅದು! ನಾವೋ ಇವತ್ತಿಗೂ ಎಲೆ ಬಿಟ್ಟು ಹುಳುವಿನ ಫೋಟೊ ಮಾತ್ರ ತೆಗೆಯುತ್ತೇವೆ.

ಮೈತುಂಬ ರೋಮ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಎಲ್ಲ ಕಂಬಳಿಹುಳುವೂ ತುರಿಕೆ ತರುವುದಿಲ್ಲ ನಿಜ, ಆದರೆ ನಿಮ್ಮ ಬೆರಳಿನಲ್ಲೇ ಯಾಕೆ ಪರೀಕ್ಷೆ? ತಗುಲಿದರೆ ಉಜ್ಜಬೇಡಿ. ಅಂಟುಪಟ್ಟಿ ಒತ್ತಿ ಕಿತ್ತರೆ ರೋಮ ಅದರ ಜೊತೆ ಬರುತ್ತದೆ.

ಇಷ್ಟಾದರೂ ಹೆಸರು ಸಿಗದಿದ್ದರೆ, ಗಾಳಿಯಾಡುವ ಡಬ್ಬಿಯಲ್ಲಿ ಅದೇ ಗಿಡದ ಎಲೆ ಹಾಕಿ ಸಾಕಿ ನೋಡಿ. ಒಂದು ದಿನ ಹುಳುವಿನ ಮೈಮೇಲೆ ಬಿಳಿ ಅಕ್ಕಿಕಾಳಿನಂಥವು ಕಂಡರೆ ಮೊಟ್ಟೆ ಅಂದುಕೊಳ್ಳಬೇಡಿ. ಮರಿಹುಳು ಮೊಟ್ಟೆ ಇಡುವುದಿಲ್ಲ. ಅದರ ಒಳಗೇ ತಿಂದು ಬೆಳೆದು ಹೊರಬಂದ ಕಣಜದ ಮರಿಗಳ ಗೂಡುಗಳವು. ಡಬ್ಬಿ ತೆರೆದಾಗ ಹಾರುವುದು ಚಿಟ್ಟೆಯಲ್ಲ, ಪುಟಾಣಿ ಕಣಜಗಳ ಹಿಂಡು.