ಸಾರಜನಕ ಇಳಿಯುವ ತನಕ ದ್ವೀಪದಲ್ಲೇ

"ನಾಳೆ ಫ್ಲೈಟ್ ಎಷ್ಟು ಗಂಟೆಗೆ?" ಡೈವಿಂಗ್ ಕಲಿಸುವ ಹುಡುಗ ಕೇಳಿದ.

ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ ಅದು ನನ್ನ ಕೊನೆಯ ದಿನ. ಗಾಳಿಯ ಸಿಲಿಂಡರ್ ಹೊತ್ತು ಸಮುದ್ರದೊಳಗೆ ಇಳಿಯುವ ಬೆಳಗಿನ ಡೈವ್ ಮುಗಿಸಿ ಒಂಬತ್ತಕ್ಕೆ ಮೇಲೆ ಬಂದಿದ್ದೆ. ಮಧ್ಯಾಹ್ನ ಇನ್ನೊಂದು ಸಲ ಇಳಿಯುವ ಆಸೆ. "ಬೆಳಗ್ಗೆ ಏಳೂವರೆಗೆ" ಅಂದೆ. ಅವನು ಬೆರಳು ಮಡಚಿ ಎಣಿಸಿದ. ಎರಡೂವರೆಗೆ ನೀರಿನಿಂದ ಎದ್ದರೂ ವಿಮಾನ ಹೊರಡುವ ಹೊತ್ತಿಗೆ 17 ಗಂಟೆ. "ಹದಿನೆಂಟು ಬೇಕು. ಆಗಲ್ಲ" ಅಂದ. ಅವನ ಮಾತಿನಲ್ಲಿ ಚೌಕಾಸಿಗೆ ಜಾಗವೇ ಇರಲಿಲ್ಲ.

ಕೈಗೆ ಬರುವ ದುಡ್ಡನ್ನು ಬಿಟ್ಟು ಅವನು ನನ್ನನ್ನು ದಡದಲ್ಲಿ ಕೂರಿಸಿದ್ದ. ಆ ಒಂದು ಗಂಟೆಯಲ್ಲಿ ಅಂಥದ್ದೇನಿದೆ?

ಹ್ಯಾವ್‌ಲಾಕ್‌ಗೆ 2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರಿಟ್ಟರು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯ ಪುರಂ ಆಯಿತು. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರುಗಳೇ ಓಡಾಡುತ್ತವೆ. ಪೋರ್ಟ್ ಬ್ಲೇರ್‌ನಿಂದ ಸರ್ಕಾರಿ ಹಡಗಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಖಾಸಗಿ ಹಡಗುಗಳು ಇನ್ನೂ ಬೇಗ ಮುಟ್ಟಿಸುತ್ತವೆ, ಟಿಕೆಟ್ ಜಾಸ್ತಿ. ದ್ವೀಪದಲ್ಲಿ ಬೀಚುಗಳಿಗೆ ನಂಬರ್ ಇದೆ. ಜೆಟ್ಟಿ ಇರುವುದು ಒಂದನೇ ನಂಬರಿನಲ್ಲಿ, ಮಾರ್ಕೆಟ್ ಮೂರರಲ್ಲಿ, ಹೆಸರಾದ ರಾಧಾನಗರ ಬೀಚ್ ಏಳರಲ್ಲಿ. "ಏಳಕ್ಕೆ ಹೋಗಬೇಕು" ಅಂದರೆ ಆಟೋದವರಿಗೆ ಅಷ್ಟೇ ಸಾಕು. ಬಾಡಿಗೆ ಸ್ಕೂಟಿ ಸಿಗುತ್ತದೆ. ಜೆಟ್ಟಿಯಿಂದ ಏಳಕ್ಕೆ ಬಸ್ಸೂ ಇದೆ. ಡೈವಿಗೆ ಕರೆದೊಯ್ಯುವುದು ಡುಂಗಿ, ಅಂದರೆ ಇಲ್ಲಿನ ಮರದ ದೋಣಿ.

ಈ ದ್ವೀಪದಲ್ಲಿ ಇನ್ನೊಂದು ಸಾರಿಗೆಯೂ ಇತ್ತು: ಆನೆ. ಕಾಡಿನ ಮರ ಎಳೆಯಲು ಆನೆಗಳನ್ನು ಅಂಡಮಾನಿಗೆ ತಂದಿದ್ದರು. ಅವು ದ್ವೀಪದಿಂದ ದ್ವೀಪಕ್ಕೆ ಈಜಿ ದಾಟುತ್ತಿದ್ದವು. ಹಾಗೆ ಈಜುತ್ತಿದ್ದವರಲ್ಲಿ ಕೊನೆಯವನು ಅಂತ ಜನ ನೆನೆಯುವ ರಾಜನ್, 2016ರಲ್ಲಿ ಹ್ಯಾವ್‌ಲಾಕ್‌ನಲ್ಲೇ ತೀರಿಕೊಂಡ. ಮೈಯೆಲ್ಲ ನೀರಿನೊಳಗೆ, ಸೊಂಡಿಲ ತುದಿ ಮಾತ್ರ ಮೇಲೆ. ಆ ಚಿತ್ರ ನೋಡಿದಾಗೆಲ್ಲ ನನಗೆ ಅನಿಸುತ್ತಿತ್ತು, ಉದ್ದನೆಯ ಕೊಳವೆಯೊಂದಿದ್ದರೆ ನಾವೂ ಹಾಗೇ ಉಸಿರಾಡುತ್ತಾ ನೀರೊಳಗೆ ನಡೆಯಬಹುದಲ್ವಾ?

ಆಗುವುದಿಲ್ಲ. ಕಾರಣ ನೀರಿನ ಭಾರ. ಒಂದು ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ 100 ಗ್ರಾಂ ಭಾರ ಜಾಸ್ತಿಯಾಗುತ್ತದೆ. ಅಂಗೈ ಅಗಲದ ಜಾಗಕ್ಕೆ ಹೆಚ್ಚುಕಮ್ಮಿ 10 ಕಿಲೋ. ಇಡೀ ಎದೆಗೆ ಎಷ್ಟಾಯಿತು ನೋಡಿ. ಕೊಳವೆಯಲ್ಲಿ ಬರುವುದು ಮೇಲಿನ ತೆಳು ಗಾಳಿ. ಆ ಭಾರವನ್ನು ಎತ್ತಿ ಎದೆ ಹಿಗ್ಗಿಸಿ ಅದನ್ನು ಒಳಗೆಳೆಯುವ ಶಕ್ತಿ ನಮ್ಮ ಪಕ್ಕೆಲುಬಿನ ಸ್ನಾಯುಗಳಿಗಿಲ್ಲ. ಇನ್ನೊಂದು ಅಪಾಯವೂ ಇದೆ. ಮೈಯ ರಕ್ತವನ್ನು ನೀರು ಒತ್ತುತ್ತಿರುತ್ತದೆ, ಶ್ವಾಸಕೋಶದೊಳಗಿನ ಗಾಳಿಯ ಒತ್ತಡ ಮಾತ್ರ ಮೇಲಿನಷ್ಟೇ ಇರುತ್ತದೆ. ಈ ವ್ಯತ್ಯಾಸಕ್ಕೆ ಎದೆಯೊಳಗಿನ ಸಣ್ಣ ರಕ್ತನಾಳಗಳು ಒಡೆಯಬಹುದು.

ಹಾಗಾದರೆ ಆನೆ ಹೇಗೆ ತಡೆಯಿತು? ನಮ್ಮ ಶ್ವಾಸಕೋಶದ ಸುತ್ತ ಎರಡು ತೆಳು ಪೊರೆಗಳಿವೆ, ನಡುವೆ ಒಂದಿಷ್ಟು ದ್ರವದ ಸಂದು. ಆನೆಗೆ ಆ ಸಂದೇ ಇಲ್ಲ. ನಾರಿನಂಥ ಅಂಗಾಂಶ ಅಲ್ಲಿ ತುಂಬಿಕೊಂಡು ಶ್ವಾಸಕೋಶವನ್ನು ಎದೆಯ ಗೋಡೆಗೆ ಅಂಟಿಸಿಬಿಟ್ಟಿದೆ. ಆನೆಯ ದೇಹದ ಈ ವಿಚಿತ್ರ ಬಹಳ ಕಾಲದಿಂದ ಗೊತ್ತಿತ್ತು. ಯಾಕೆ ಹೀಗೆ ಅನ್ನುವುದಕ್ಕೆ ಕಾರಣ ಹುಡುಕಿದವರಲ್ಲಿ ಅಮೆರಿಕದ ಶರೀರ ವಿಜ್ಞಾನಿ ಜಾನ್ ವೆಸ್ಟ್ ಒಬ್ಬರು. ಸೊಂಡಿಲು ಮೇಲೆತ್ತಿ ಎರಡು ಮೀಟರ್ ಆಳದಲ್ಲಿ ಉಸಿರಾಡುವ ಪ್ರಾಣಿಗೆ ಸೂಕ್ಷ್ಮವಾದ ಪೊರೆ ಬಾಳಿಕೆ ಬರುವುದಿಲ್ಲ, ಅದಕ್ಕೇ ಈ ಬಂದೋಬಸ್ತು ಅನ್ನುವುದು ಅವರ ವಿವರಣೆ. ನನಗೆ ತುಂಬಾ ಇಷ್ಟವಾದ ವಿವರಣೆ ಇದು.

ಆನೆಯ ಎದೆ ನಮಗಿಲ್ಲ. ನಮಗೆ ಬೇಕಾದದ್ದು, ಯಾವ ಆಳದಲ್ಲಿದ್ದೇವೋ ಆ ಆಳದ ಒತ್ತಡದಲ್ಲೇ ಬಾಯಿಗೆ ಗಾಳಿ ಕೊಡುವ ಒಂದು ಸಾಧನ. ಅದು ಬಂದದ್ದು ಮೋಟಾರು ಕಾರಿನ ಕಡೆಯಿಂದ! ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಜರ್ಮನರ ಕೈಯಲ್ಲಿತ್ತು. ಪೆಟ್ರೋಲ್ ಸಿಗುತ್ತಿರಲಿಲ್ಲ. ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಬೇಕಾಯಿತು. ಎಂಜಿನ್ ಎಷ್ಟು ಎಳೆಯುತ್ತದೋ ಅಷ್ಟೇ ಗ್ಯಾಸ್ ಬಿಡುವ ಒಂದು ವಾಲ್ವನ್ನು ಎಮಿಲ್ ಗಾನ್ಯಾ ಎಂಬ ಎಂಜಿನಿಯರ್ ಮಾಡಿದ್ದರು. ನೌಕಾಪಡೆಯ ಅಧಿಕಾರಿ ಜಾಕ್ ಕುಸ್ಟೋ ಅವರಿಗೆ ಬೇಕಾಗಿದ್ದದ್ದೂ ಅದೇ ಕೆಲಸ, ಎಂಜಿನ್ ಬದಲು ಮನುಷ್ಯನ ಎದೆಗೆ. 1943ರಲ್ಲಿ ಇಬ್ಬರೂ ಸೇರಿ ಅದನ್ನು ನೀರಿಗಿಳಿಸಿದರು. ಇವತ್ತು ನಾವು ಹಲ್ಲಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ಆ ವಾಲ್ವಿನ ಮೊಮ್ಮಗು.

ಬೆನ್ನ ಮೇಲಿನ ಸಿಲಿಂಡರಿನಲ್ಲಿ ಇರುವುದು ಬರೀ ಆಮ್ಲಜನಕ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ನಾವು ಈಗ ಉಸಿರಾಡುತ್ತಿರುವ ಇದೇ ಗಾಳಿಯನ್ನು ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿರುತ್ತಾರೆ. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತಾ ಹೋಗುತ್ತದೆ. 10 ಮೀಟರಿನಲ್ಲಿ ಎರಡು ಪಟ್ಟು, 20 ಮೀಟರಿನಲ್ಲಿ ಮೂರು ಪಟ್ಟು. ಅಷ್ಟೇ ಪಟ್ಟು ಗಾಳಿಯೂ ಪ್ರತಿ ಉಸಿರಿಗೆ ಖರ್ಚಾಗುತ್ತದೆ. 10 ಮೀಟರಿನಲ್ಲಿ ಎದೆ ತುಂಬ ಎಳೆದ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಅದು ಎರಡರಷ್ಟು ಹಿಗ್ಗಲು ನೋಡುತ್ತದೆ. ಶ್ವಾಸಕೋಶ ಹರಿದೀತು. ಉಸಿರು ಯಾವತ್ತೂ ಹಿಡಿಯಬೇಡಿ ಅನ್ನುವುದು ಅದಕ್ಕೇ ಡೈವಿಂಗಿನ ಮೊದಲ ಪಾಠ.

ಇನ್ನು ಸಾರಜನಕದ ಮಾತು. ಗಾಳಿಯ ನೂರರಲ್ಲಿ 78 ಪಾಲು ಅದೇ. ದೇಹಕ್ಕೆ ಅದರಿಂದ ಏನೂ ಕೆಲಸವಿಲ್ಲ, ಸುಮ್ನೆ ಬಂದು ಹೋಗುತ್ತದೆ. ಆದರೆ ಒತ್ತಡ ಜಾಸ್ತಿಯಾದರೆ ಅದು ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಹೆಚ್ಚು ಹೆಚ್ಚು ಕರಗುತ್ತದೆ. ಆಳದಲ್ಲಿ ಇರುವಷ್ಟು ಹೊತ್ತು ಒಂದು ನೋವೂ ಇಲ್ಲ. ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಕೂತಿರುವ ತನಕ ಒಳಗೆ ಶಾಂತ ನೀರು. ಗೋಲಿ ಒತ್ತಿದ ಕ್ಷಣ ನೊರೆ. ಅಲ್ಲಿ ನಿಧಾನವಾಗಿ ತೆರೆಯುವ ಉಪಾಯವೇ ಇಲ್ಲ. ಥಟ್ಟನೆ ಮೇಲೆ ಬಂದರೆ ನಮ್ಮ ಮೈಯಲ್ಲಿ ಕರಗಿದ ಸಾರಜನಕವೂ ಹಾಗೇ ಗುಳ್ಳೆಯಾಗುತ್ತದೆ, ಆದರೆ ನಮಗೆ ನಿಧಾನವಾಗಿ ಮೇಲೆ ಬರುವ ಉಪಾಯ ಇದೆ.

1670ರಲ್ಲೇ ವಿಜ್ಞಾನಿ ರಾಬರ್ಟ್ ಬಾಯ್ಲ್ ಇದರ ಸುಳಿವು ಕಂಡಿದ್ದ. ಹಾವೊಂದನ್ನು ಪಾತ್ರೆಯಲ್ಲಿಟ್ಟು ಗಾಳಿ ಹೀರಿದಾಗ ಅದರ ಕಣ್ಣಿನ ದ್ರವದಲ್ಲಿ ಒಂದು ಗುಳ್ಳೆ ಅತ್ತಿತ್ತ ಓಡಾಡಿತು. ಇನ್ನೂರು ವರ್ಷದ ಮೇಲೆ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯ ತೋಡಲು ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳಲ್ಲಿ ಕೂಲಿಗಳು ಇಳಿದರು. ಮೇಲೆ ಬಂದ ಎಷ್ಟೋ ಜನ ಕೀಲುನೋವಿಗೆ ಬಾಗಿಹೋದರು, ಕೆಲವರು ಸತ್ತರು. ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ ಹಾಸಿಗೆ ಹಿಡಿದರು. ಆ ಕೂಲಿಗಳು ಯಾರೂ ತಪ್ಪು ಮಾಡಿರಲಿಲ್ಲ. ಎಷ್ಟು ನಿಧಾನ ಮೇಲೆ ಬರಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಅದನ್ನು ಲೆಕ್ಕಕ್ಕೆ ತಂದವರು ಬ್ರಿಟನ್ನಿನ ಶರೀರ ವಿಜ್ಞಾನಿ ಜೆ. ಎಸ್. ಹಾಲ್ಡೇನ್. ಬ್ರಿಟಿಷ್ ನೌಕಾಪಡೆಗಾಗಿ ಆಡುಗಳ ಮೇಲೆ ಪ್ರಯೋಗ ಮಾಡಿ 1908ರಲ್ಲಿ ಕೋಷ್ಟಕಗಳನ್ನು ಕೊಟ್ಟರು. ನೋವಾದ ಆಡು ಮುಂಗಾಲು ಎತ್ತಿ ನಿಲ್ಲುತ್ತಿತ್ತು, ಅದೇ ಗುರುತು. ಹಾಲ್ಡೇನ್ ಕಂಡ ದೊಡ್ಡ ವಿಷಯ ಅಂದರೆ, ಮೈಯೆಲ್ಲ ಒಂದೇ ವೇಗದಲ್ಲಿ ಸಾರಜನಕ ಬಿಡುವುದಿಲ್ಲ. ತುಂಬಿದ ಬಸ್ ಸ್ಟಾಂಡಿಗೆ ಬಂದಾಗ ಬಾಗಿಲ ಹತ್ತಿರದವರು ಥಟ್ಟನೆ ಇಳಿಯುತ್ತಾರೆ. ಹಿಂದಿನ ಸೀಟಿನಲ್ಲಿ ಗಂಟುಮೂಟೆ ಇಟ್ಟುಕೊಂಡವರು ಕೊನೆಗೆ. ರಕ್ತ, ಮಿದುಳು ಬಾಗಿಲ ಹತ್ತಿರ. ಕೊಬ್ಬು, ಮೃದ್ವಸ್ಥಿ ಹಿಂದಿನ ಸೀಟು. ಹೆಚ್ಚುವರಿ ಸಾರಜನಕದಲ್ಲಿ ಅರ್ಧ ಖಾಲಿಯಾಗಲು ವೇಗದ ಭಾಗಕ್ಕೆ 5 ನಿಮಿಷ, ನಿಧಾನದ್ದಕ್ಕೆ 75 ನಿಮಿಷ ಅಂತ ಅವರು ಹಿಡಿದರು. ಇವತ್ತು ಡೈವರುಗಳು ಕೈಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರುಗಳಲ್ಲಿ ಬಳಸುವ ಹೆಸರಾದ ಲೆಕ್ಕವೊಂದರಲ್ಲಿ ಅತಿ ನಿಧಾನದ ಭಾಗಕ್ಕೆ 635 ನಿಮಿಷ. ಹತ್ತೂವರೆ ಗಂಟೆ ಕಳೆದರೂ ಇಳಿದಿರುವುದು ಅರ್ಧ ಜನ ಮಾತ್ರ!

ಅದಕ್ಕೇ ನಿಮಿಷಕ್ಕೆ 9–10 ಮೀಟರಿಗಿಂತ ವೇಗವಾಗಿ ಮೇಲೇರಬಾರದು. 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಬರಬೇಕು. ಆ ಮೂರು ನಿಮಿಷ ನನಗೆ ಇಡೀ ಡೈವಿನಲ್ಲಿ ಬಹಳ ಪ್ರಿಯ. ಆಳದಲ್ಲಿ ಕೆಂಪು ಬೆಳಕು ತಲುಪುವುದಿಲ್ಲ, ಎಲ್ಲ ನೀಲಿ, ಬೂದು. ಮೇಲೆ ಬರುತ್ತಾ ಬಣ್ಣಗಳು ಒಂದೊಂದೇ ಹಿಂದಿರುಗುತ್ತವೆ. ಡುಂಗಿಯ ತಳ ಕಾಣುತ್ತಿರುತ್ತದೆ, ನಮ್ಮದೇ ಉಸಿರಿನ ಗುಳ್ಳೆಗಳು ದೊಡ್ಡದಾಗುತ್ತಾ ಮೇಲೇರುತ್ತವೆ.

ಮೇಲೆ ಬಂದ ಮೇಲೆ ವಿಮಾನದ ಚಿಂತೆ. ವಿಮಾನದೊಳಗಿನ ಗಾಳಿ ನೆಲದ ಗಾಳಿಯಷ್ಟು ದಟ್ಟವಲ್ಲ. ಅಲ್ಲಿನ ಒತ್ತಡ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ! ಒಳಗೆ ಇನ್ನೂ ಸಾರಜನಕ ಉಳಿದಿರುವಾಗ ಹೊರಗಿನ ಒತ್ತಡ ಕಾಲು ಭಾಗ ಬಿದ್ದರೆ, ಅದು ಗೋಲಿ ಒತ್ತಿದ ಹಾಗೆಯೇ. ಒಂದೇ ಸಾಧಾರಣ ಡೈವ್ ಮಾಡಿದ್ದರೆ 12 ಗಂಟೆ, ಹಲವು ಡೈವ್ ಮಾಡಿದ್ದರೆ 18 ಗಂಟೆ ಕಾಯಿರಿ ಅನ್ನುವುದು ಡೈವರುಗಳು ಪಾಲಿಸುವ ಸಲಹೆ. ಇದು ಕನಿಷ್ಠ. ಇನ್ನೂ ಜಾಸ್ತಿ ಕಾದರೆ ಒಳ್ಳೆಯದೇ.

ಕರ್ನಾಟಕದಲ್ಲಿ ಡೈವ್ ಮಾಡುವವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ, ಡೈವ್ ಮುಗಿಸಿ, ಅದೇ ಸಂಜೆ ಕಾರಿನಲ್ಲಿ ಘಟ್ಟ ಹತ್ತಿ ಬೆಂಗಳೂರಿಗೆ ಹೊರಡುವವರಿದ್ದಾರೆ. ವಿಮಾನ ಹತ್ತಿಲ್ಲವಲ್ಲ ಅನ್ನುವ ಧೈರ್ಯ. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ. ಆ ಸಲಹೆ ಅನ್ವಯವಾಗುವುದೇ ಸುಮಾರು 600 ಮೀಟರಿನಿಂದ. ಒಂದು ರಾತ್ರಿ ಕರಾವಳಿಯಲ್ಲೇ ಉಳಿಯಿರಿ, ದಯವಿಟ್ಟು.

ನನ್ನ ಕೊನೆಯ ದಿನ ಹೀಗೆ ಕಳೆಯಿತು. ಬಸ್ ಹತ್ತಿ ಏಳಕ್ಕೆ ಹೋದೆ. ಹೊಳೆಯುವ ಮರಳಿನ ಮೇಲೆ ಕೂತು ನೀರು ನೋಡಿದೆ. ಮೂರರ ಮಾರ್ಕೆಟ್ಟಿನಲ್ಲಿ ಬಾಳೆಕಾಯಿ ಚಿಪ್ಸ್ ತಗೊಂಡೆ. ನಾಲ್ಕು ಗಂಟೆಯ ಹಡಗಿನಲ್ಲಿ ಡೆಕ್ಕಿನ ಮೇಲೆ ಜಾಗ ಸಿಕ್ಕಿತು. ಹಡಗು ಸಮುದ್ರಮಟ್ಟ ಬಿಟ್ಟು ಏಳುವುದಿಲ್ಲ, ಎರಡೂವರೆ ಗಂಟೆಯೂ ಹಿಂದಿನ ಸೀಟಿನವರು ಆರಾಮಾಗಿ ಇಳಿಯುತ್ತಿದ್ದರು. ಅಂಡಮಾನಿನಲ್ಲಿ ಐದೂವರೆಗೆಲ್ಲ ಕತ್ತಲು. ಪೋರ್ಟ್ ಬ್ಲೇರ್‌ನ ದೀಪಗಳು ಬಹಳ ದೂರದಿಂದ ಕಂಡವು.

ಬೆಳಗ್ಗೆ ವಿಮಾನ ಎದ್ದಾಗ, ಬೆಳಗಿನ ಆ ಡೈವ್ ಮುಗಿದು 22 ಗಂಟೆ ದಾಟಿತ್ತು. ಮೋಡದ ಮೇಲೆ ಬಂದ ಮೇಲೆ ಚೀಲದಿಂದ ಚಿಪ್ಸ್ ತೆಗೆದೆ. ನಿನ್ನೆ ಮೆತ್ತಗಿದ್ದ ಪ್ಯಾಕೆಟ್ ದಿಂಬಿನ ಹಾಗೆ ಉಬ್ಬಿ ಬಿಗಿಯಾಗಿತ್ತು. ಪಕ್ಕದ ಸೀಟಿನ ಮಗು ಬೆರಳಲ್ಲಿ ಅದನ್ನು ಒತ್ತಿ ನೋಡಿತು.