ಪ್ಲಾನ್ ಏರಿಸಿದರೆ ಒಳಗಿನ ಕೋಣೆಗೆ ವೈಫೈ ಬರುತ್ತಾ?

ಪ್ರಶ್ನೆ: ರೂಟರ್ ಪಕ್ಕದಲ್ಲಿ ಕೂತರೆ ನೆಟ್ ಚೆನ್ನಾಗಿ ಓಡುತ್ತದೆ. ಒಳಗಿನ ಕೋಣೆಗೆ ಹೋದ ಕೂಡಲೇ ವಿಡಿಯೊ ಸುತ್ತುತ್ತಾ ನಿಲ್ಲುತ್ತದೆ, ಕಾಲ್ ಕಟ್ ಆಗುತ್ತದೆ. ಈಗಿರುವುದು 100 ಎಂಬಿಪಿಎಸ್ ಪ್ಲಾನ್. 300ಕ್ಕೆ ಹೋದರೆ ಸರಿಹೋಗುತ್ತಾ?

ಇಲ್ಲ. ಸರಿಹೋಗುವುದಿಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ಲಾನ್‌ನ ಅಂಕಿ ಬೇರೆ ಇರುತ್ತದೆ, ಮನೆ ಬೇರೆ ಇರುತ್ತದೆ, ಪ್ರಶ್ನೆ ಮಾತ್ರ ಅದೇ. ಉತ್ತರ ಕೇಳಿಸಿಕೊಂಡ ಮೇಲೂ ಎಷ್ಟೋ ಜನ ಹೋಗಿ ಪ್ಲಾನ್ ಏರಿಸುತ್ತಾರೆ, ತಿಂಗಳು ಕಳೆದ ಮೇಲೆ ಬಂದು "300 ತಗೊಂಡೆ, ಇನ್ನೂ ಹಾಗೇ ಇದೆ, 500ಕ್ಕೆ ಹೋಗಲಾ?" ಎಂದು ಕೇಳುತ್ತಾರೆ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ.

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ, ಗಮನಿಸಿ. ರೂಟರ್ ಪಕ್ಕದಲ್ಲಿ ನೆಟ್ ಚೆನ್ನಾಗಿದೆ ಅಂದಿರಿ. ಅಂದರೆ ಹೊರಗಿನಿಂದ ರೂಟರ್‌ವರೆಗೆ ಬರುವ ಲೈನ್ ಸರಿಯಾಗಿದೆ. ತೊಂದರೆ ಇರುವುದು ರೂಟರ್‌ನಿಂದ ಫೋನ್‌ವರೆಗಿನ ಹತ್ತು ಹನ್ನೆರಡು ಮೀಟರ್ ಗಾಳಿಯಲ್ಲಿ, ನಡುವಿನ ಗೋಡೆಗಳಲ್ಲಿ. ಪ್ಲಾನ್ ಏರಿಸಿದರೆ ಬದಲಾಗುವುದು ಮೊದಲನೆಯದು. ಕೆಟ್ಟಿರುವುದು ಎರಡನೆಯದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಗುತ್ತದೆ.

ಮಾತಿನಲ್ಲಿ ಹೇಳಿ ಸಾಕಾಗಿದೆ, ಲೆಕ್ಕದಲ್ಲಿ ತೋರಿಸುತ್ತೇನೆ. ಫೋನ್ ಮತ್ತು ರೂಟರ್ ತಮ್ಮ ನಡುವೆ ಎಷ್ಟು ವೇಗದಲ್ಲಿ ಮಾತಾಡಬೇಕು ಎಂದು ಕ್ಷಣಕ್ಷಣಕ್ಕೂ ಗೊತ್ತು ಮಾಡಿಕೊಳ್ಳುತ್ತಿರುತ್ತವೆ. ಇದಕ್ಕೆ ಲಿಂಕ್ ಸ್ಪೀಡ್ ಅನ್ನುತ್ತಾರೆ. ಎಷ್ಟೋ ಫೋನ್‌ಗಳಲ್ಲಿ ವೈಫೈ ಸೆಟ್ಟಿಂಗ್‌ಗೆ ಹೋಗಿ ನಿಮ್ಮ ನೆಟ್‌ವರ್ಕ್ ಹೆಸರು ಒತ್ತಿದರೆ ಆ ಅಂಕಿ ಕಾಣುತ್ತದೆ. ಸಿಗ್ನಲ್ ಗಟ್ಟಿಯಾಗಿದ್ದರೆ ಒಂದೊಂದು ಸಲಕ್ಕೂ ಜಾಸ್ತಿ ಬಿಟ್‌ಗಳನ್ನು ತುಂಬಿ ಕಳಿಸುತ್ತವೆ. ಸಿಗ್ನಲ್ ಸೋತರೆ ಕಡಿಮೆ ತುಂಬಿ, ನಿಧಾನವಾಗಿ ಕಳಿಸುತ್ತವೆ. ದೂರದಲ್ಲಿ ನಿಂತವರಿಗೆ ನಾವು ಒಂದೊಂದೇ ಪದ ಬಿಡಿಸಿ ಕೂಗಿ ಹೇಳುವುದಿಲ್ವಾ, ಹಾಗೆ.

2009ರಲ್ಲಿ ಬಂದ ವೈಫೈ 4 ಎಂಬ ತಲೆಮಾರನ್ನು ತಗೊಳ್ಳಿ. ಹಳೆಯ ಟಿವಿ, ಹಳೆಯ ಫೋನ್, ಮನೆಯ ಕ್ಯಾಮೆರಾಗಳಲ್ಲಿ ಬಹಳಷ್ಟು ಇನ್ನೂ ಇದರಲ್ಲೇ ನಡೆಯುತ್ತವೆ. ಒಂದು ಆಂಟೆನಾ, 2.4 ಗಿಗಾಹರ್ಟ್ಸ್ ಅಲೆ, ಅದರಲ್ಲಿ 20 ಮೆಗಾಹರ್ಟ್ಸ್ ಅಗಲದ ಚಾನೆಲ್ (ಅಂದರೆ ಮಾತು ಓಡಾಡುವ ಓಣಿ) ಇದ್ದರೆ ಅದರ ಲಿಂಕ್ ಸ್ಪೀಡ್ 72 ಎಂಬಿಪಿಎಸ್ ದಾಟುವುದಿಲ್ಲ. ತೀರ ಸೋತರೆ 7ರ ಆಸುಪಾಸಿಗೆ ಇಳಿಯುತ್ತದೆ. ಇದರಲ್ಲೂ ಪೂರ್ತಿ ನಿಮ್ಮ ಕೈಗೆ ಸಿಗುವುದಿಲ್ಲ. ವೈಫೈನಲ್ಲಿ ಒಂದು ಚಾನೆಲ್ ಮೇಲೆ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಪ್ರತಿ ಸಲ ಬಂದದ್ದಕ್ಕೆ "ಮುಟ್ಟಿತು" ಎಂದು ಉತ್ತರವೂ ಹೋಗಬೇಕು. ಇದೆಲ್ಲ ಕಳೆದು ಲಿಂಕ್ ಸ್ಪೀಡ್‌ನ ಅರ್ಧ, ಕೆಲವೊಮ್ಮೆ ಇನ್ನು ಸ್ವಲ್ಪ ಹೆಚ್ಚು ಉಳಿಯುತ್ತದೆ. ಅಂದರೆ ಒಳಗಿನ ಕೋಣೆಯಲ್ಲಿ ಲಿಂಕ್ 7ಕ್ಕೆ ಇಳಿದ ಫೋನ್‌ಗೆ ಸಿಗುವುದು 3 ಅಥವಾ 4 ಎಂಬಿಪಿಎಸ್. ಪ್ಲಾನ್ 100 ಇದ್ದರೂ ಅಷ್ಟೇ. 300 ಇದ್ದರೂ ಅಷ್ಟೇ. 1000 ಇದ್ದರೂ ಅಷ್ಟೇ. ಪ್ಲಾನ್ ಎಷ್ಟಿದೆ ಅನ್ನುವುದು ಆ ಲೆಕ್ಕದೊಳಗೆ ಬರುವುದೇ ಇಲ್ಲ.

ಹೊಸ ಫೋನ್ ಇದ್ದರೆ? ಎರಡು ಆಂಟೆನಾದ ವೈಫೈ 5 ಫೋನ್, 5 ಗಿಗಾಹರ್ಟ್ಸ್‌ನಲ್ಲಿ 80 ಮೆಗಾಹರ್ಟ್ಸ್ ಚಾನೆಲ್ ಇದ್ದರೆ 866 ಎಂಬಿಪಿಎಸ್‌ವರೆಗೆ ಲಿಂಕ್ ಕೊಡುತ್ತದೆ. ಅದು ಒಂದೇ ಕೋಣೆಯಲ್ಲಿ, ಎದುರುಬದುರು ಇದ್ದಾಗ. ಎರಡು ಕಾಂಕ್ರೀಟ್ ಗೋಡೆ ದಾಟಿದ ಮೇಲೆ ಅದೇ ಫೋನ್ ಬೇರೆಯೇ ಅಂಕಿ ತೋರಿಸುತ್ತದೆ. ಎದ್ದು ಹೋಗಿ ನೋಡಿ, ಒಂದು ನಿಮಿಷದ ಕೆಲಸ.

ಇಷ್ಟು ಹೇಳಿದ ಮೇಲೆ ಒಂದು ಮಾತು ಬಂದೇ ಬರುತ್ತದೆ: "ಆದರೆ ನಮ್ಮ ಸ್ನೇಹಿತರು ಪ್ಲಾನ್ ಏರಿಸಿದರು, ಅವರಿಗೆ ಸರಿಹೋಯ್ತಲ್ಲ?" ಸರಿಹೋಗಿರಬಹುದು, ನಾನು ನಂಬುತ್ತೇನೆ. ಹೊಸ ಪ್ಲಾನ್ ಜೊತೆ ಹೊಸ ರೂಟರ್ ಬಂತಾ ಎಂದು ಅವರನ್ನು ಕೇಳಿ. ಹಳೆಯ ರೂಟರ್ 2.4 ಗಿಗಾಹರ್ಟ್ಸ್ ಮಾತ್ರ ಕೊಡುತ್ತಿತ್ತು, ಹೊಸದು 5 ಕೂಡ ಕೊಡುತ್ತದೆ. ಇಲ್ಲವೇ ಕೂರಿಸಲು ಬಂದ ಹುಡುಗ ಅದನ್ನು ಬೀರುವಿನ ಹಿಂದಿನಿಂದ ತೆಗೆದು ಗೋಡೆಗೆ ಎತ್ತರದಲ್ಲಿ ಹಾಕಿ ಹೋಗಿದ್ದಾನೆ. ಕೆಲಸ ಮಾಡಿದ್ದು ರೂಟರ್ ಮತ್ತು ಅದರ ಜಾಗ, ಹೆಸರು ಬಂದದ್ದು ಪ್ಲಾನ್‌ಗೆ. ಈ ನಂಬಿಕೆ ಹೋಗದೆ ಉಳಿದಿರುವುದಕ್ಕೆ ಇದೇ ಕಾರಣ ಎಂದು ನನಗನ್ನಿಸುತ್ತದೆ.

ಇನ್ನು ಕೆಲವರು "ಸಿಗ್ನಲ್ ಕಡ್ಡಿ ಪೂರ್ತಿ ಇದೆ, ಆದರೂ ನಿಧಾನ, ಹಾಗಾದರೆ ಪ್ಲಾನ್‌ದೇ ತಪ್ಪು ಅಲ್ವಾ?" ಅನ್ನುತ್ತಾರೆ. ಅಲ್ಲ. ಕಡ್ಡಿ ಹೇಳುವುದು ರೂಟರ್ ದನಿ ನಿಮ್ಮ ಫೋನ್‌ಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂದು ಮಾತ್ರ. ನಿಮ್ಮ ಫೋನ್‌ನ ದನಿ ರೂಟರ್‌ಗೆ ಕೇಳುತ್ತಿದೆಯಾ ಎಂದು ಅದು ಹೇಳುವುದಿಲ್ಲ. ಫೋನ್ ಬ್ಯಾಟರಿ ಮೇಲೆ ನಡೆಯುವ ಸಣ್ಣ ಸಾಧನ, ಅದರ ದನಿ ರೂಟರ್‌ಗಿಂತ ಸಾಮಾನ್ಯವಾಗಿ ಸಣ್ಣದು. ಅದೇ ಚಾನೆಲ್‌ನಲ್ಲಿ ಅಕ್ಕಪಕ್ಕದ ಮನೆಯವರು ಎಷ್ಟು ಜನ ಮಾತಾಡುತ್ತಿದ್ದಾರೆ ಎಂದೂ ಕಡ್ಡಿ ಹೇಳುವುದಿಲ್ಲ. ಮನೆಯೊಳಗಿನ ಒಂದು ಹಳೆಯ ಸಾಧನವೂ ಸಾಕು. 1 ಎಂಬಿ, ಅಂದರೆ 8 ಮೆಗಾಬಿಟ್, ಕಳಿಸಲು 433ರ ಲಿಂಕ್‌ಗೆ ಸೆಕೆಂಡಿನ ಐವತ್ತನೇ ಒಂದು ಪಾಲು ಸಾಕು, 6.5ರ ಲಿಂಕ್‌ಗೆ ಒಂದು ಸೆಕೆಂಡ್‌ಗೂ ಜಾಸ್ತಿ ಬೇಕು. ಆ ಹೊತ್ತಿನಲ್ಲಿ ಆ ಚಾನೆಲ್‌ನಲ್ಲಿರುವ ಉಳಿದವರೆಲ್ಲ ಕಾಯುತ್ತಿರುತ್ತಾರೆ. ಹಿಂದಿನ ಕೋಣೆಯ ಒಂದು ಹಳೆಯ ಕ್ಯಾಮೆರಾ ಮುಂದಿನ ಕೋಣೆಯ ಹೊಸ ಲ್ಯಾಪ್‌ಟಾಪನ್ನು ನಿಧಾನ ಮಾಡುವುದು ಹೀಗೆ.

ಹಾಗಾದರೆ ತಪ್ಪು ಯಾವ ಕಡೆ ಎಂದು ತಿಳಿಯುವುದು ಹೇಗೆ? ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ರೂಟರ್‌ಗೆ ನೇರ ಸಿಕ್ಕಿಸಿ. ಮನೆಯ ಉಳಿದ ಸಾಧನಗಳನ್ನು ಐದು ನಿಮಿಷ ಆಫ್ ಮಾಡಿ ಸ್ಪೀಡ್ ಟೆಸ್ಟ್ ಮಾಡಿ. ಪ್ಲಾನ್‌ನ ಹತ್ತಿರದ ಅಂಕಿ ಬಂದರೆ ಕಂಪನಿಗೆ ಫೋನ್ ಮಾಡುವ ಅಗತ್ಯ ಇಲ್ಲ. (ಟೆಸ್ಟ್ ತೋರಿಸುವುದು ಮೆಗಾಬಿಟ್, ಡೌನ್‌ಲೋಡ್ ಆಗುವಾಗ ಕಾಣುವುದು ಮೆಗಾಬೈಟ್. ಎಂಟರಿಂದ ಭಾಗಿಸಿ. 100 ಎಂಬಿಪಿಎಸ್ ಅಂದರೆ ಸೆಕೆಂಡ್‌ಗೆ 12.5 ಎಂಬಿ, ಯಾರೂ ಮೋಸ ಮಾಡಿಲ್ಲ.) ಕೇಬಲ್‌ನಲ್ಲೂ ನಿಧಾನ ಇದ್ದರೆ ಆಗ ಕಂಪನಿಯವರನ್ನು ಕೇಳಿ, ಕೈಯಲ್ಲಿ ಲೆಕ್ಕ ಇರುತ್ತದೆ.

ಕೇಬಲ್‌ನಲ್ಲೂ ಒಂದು ಗುಟ್ಟಿದೆ. ನನ್ನ ಮನೆಯಲ್ಲಿ 200ರ ಲೈನ್ ಇದ್ದು, ಟೆಸ್ಟ್ ಪ್ರತಿ ಸಲವೂ 94ಕ್ಕೆ ಬಂದು ನಿಲ್ಲುತ್ತಿತ್ತು. 93 ಅಲ್ಲ, 97 ಅಲ್ಲ, ಬೆಳಿಗ್ಗೆ ಸಂಜೆ ಎಲ್ಲ ಹೊತ್ತೂ 94. ಅಷ್ಟು ನೆಟ್ಟಗೆ ನಿಂತರೆ ಅದು ಲೈನ್‌ನ ಏರಿಳಿತ ಅಲ್ಲ ಎಂದು ಕೇಬಲ್ ಬದಲಾಯಿಸಿದೆ, ಅಂದೇ 190 ದಾಟಿತು. ಆ ಕೇಬಲ್‌ನೊಳಗೆ ಎಂಟು ತಂತಿ ಇರುತ್ತವೆ. ಗಿಗಾಬಿಟ್ (1000 ಎಂಬಿಪಿಎಸ್) ನಡೆಯಲು ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು. ಬಾಗಿಲ ಸಂದಿಯಲ್ಲಿ ಸಿಕ್ಕಿ ಉಳಿದ ನಾಲ್ಕರಲ್ಲಿ ಒಂದು ತಂತಿ ತುಂಡಾದರೂ ಲೈಟ್ ಉರಿಯುತ್ತದೆ, ನೆಟ್ ಬರುತ್ತದೆ, ಆದರೆ ಎರಡೂ ಕಡೆಯವು ಒಪ್ಪಿಕೊಂಡು 100ಕ್ಕೆ ಇಳಿಯುತ್ತವೆ. ಇದನ್ನು ಕಂಡುಹಿಡಿದ ದಿನ ನನಗಾದ ಖುಷಿ ಇನ್ನೂ ನೆನಪಿದೆ.

ಈಗ ವೈಫೈ ಸರಿಮಾಡುವ ಕೆಲಸ. ಇದರಲ್ಲಿ ಮುಕ್ಕಾಲು ಪಾಲು ರೂಟರ್ ಎಲ್ಲಿಡುತ್ತೀರಿ ಅನ್ನುವುದರಲ್ಲೇ ಮುಗಿಯುತ್ತದೆ. ಹೊರಗಿನ ಕೇಬಲ್ ಮನೆಯೊಳಗೆ ಬರುವ ಮೂಲೆಯಲ್ಲೇ ರೂಟರ್ ಇಡಬೇಕೆಂಬ ನಿಯಮ ಇಲ್ಲ. ಮನೆಯ ನಡುಭಾಗಕ್ಕೆ ತನ್ನಿ, ಎದೆಯೆತ್ತರಕ್ಕಿಂತ ಮೇಲಿಡಿ, ತೆರೆದ ಜಾಗದಲ್ಲಿಡಿ. ಟಿವಿ ಹಿಂದೆ ಬೇಡ, ಕಬ್ಬಿಣದ ಬೀರು ಪಕ್ಕ ಬೇಡ. ದೊಡ್ಡ ಕನ್ನಡಿಯ ಹಿಂದೆ ಲೋಹದ ಲೇಪ ಇರುತ್ತದೆ, ಅದು ಅಲೆಯನ್ನು ವಾಪಸ್ ತಳ್ಳುತ್ತದೆ. ನೀರು ಅಲೆಯನ್ನು ಹೀರುತ್ತದೆ, ಮೀನಿನ ತೊಟ್ಟಿ ನಡುವೆ ಬಂದರೆ ಅದೂ ಒಂದು ಗೋಡೆಯೇ. ಗೋಡೆಯನ್ನು ನೇರವಾಗಿ ದಾಟುವುದಕ್ಕೂ ಓರೆಯಾಗಿ ದಾಟುವುದಕ್ಕೂ ವ್ಯತ್ಯಾಸ ಇದೆ: 45 ಡಿಗ್ರಿ ಓರೆಯಾದರೆ ದಾಟಬೇಕಾದ ದಪ್ಪ 1.4 ಪಟ್ಟು. ಬಾಗಿಲುಗಳ ಸಾಲಿಗೆ ರೂಟರ್ ಕಾಣುವ ಹಾಗೆ ಇಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉದ್ದನೆಯ ಆಂಟೆನಾ ಇದ್ದರೆ ನೇರ ನಿಲ್ಲಿಸಿ. ಅಲೆ ಹೊರಡುವುದು ಅದರ ತುದಿಯಿಂದ ಅಲ್ಲ, ಸುತ್ತಲಿನಿಂದ. ಒಳಗಿನ ಕೋಣೆ ಕಡೆ ತುದಿ ತೋರಿಸಿದರೆ ಆ ಕೋಣೆಗೇ ಕಡಿಮೆ ಹೋಗುತ್ತದೆ.

ಜಾಗ ಬದಲಾಯಿಸುವಾಗ ಕಡ್ಡಿ ನೋಡಬೇಡಿ, ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು ಡಿಬಿಎಂ ನೋಡಿ, ಅದು ಸಿಗ್ನಲ್‌ನ ಬಲದ ಅಳತೆ. ಅಂಕಿಯ ಹಿಂದೆ ಮೈನಸ್ ಇರುತ್ತದೆ. ಮೈನಸ್ 50 ತುಂಬ ಒಳ್ಳೆಯದು. ಮೈನಸ್ 67ರವರೆಗೆ ವಿಡಿಯೊ ಕಾಲ್ ಆರಾಮಾಗಿ ನಡೆಯುತ್ತದೆ. ಮೈನಸ್ 80 ಅಂದರೆ ಕಷ್ಟ. ಪ್ರತಿ 10 ಇಳಿದಾಗ ಸಿಗ್ನಲ್ ಹತ್ತರಲ್ಲಿ ಒಂದು ಪಾಲಾಗುತ್ತದೆ, ಹಾಗಾಗಿ 50ರಿಂದ 80ಕ್ಕೆ ಬಂದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು.

2.4 ಬೇಕಾ 5 ಬೇಕಾ ಎಂದರೆ, ಹತ್ತಿರ ಇರುವವಕ್ಕೆ 5, ದೂರ ಇರುವವಕ್ಕೆ 2.4. ಮೈಕ್ರೋವೇವ್ ಓವನ್, ಬ್ಲೂಟೂತ್ ಎಲ್ಲ 2.4ರಲ್ಲೇ ಗದ್ದಲ ಮಾಡುತ್ತವೆ. ರೂಟರ್ ಹಿಂದೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಅದನ್ನು ದೂರ ಸರಿಸಿ, ಅದರ ಕೇಬಲ್ ಕೂಡ ಆ ಕಡೆ ಗದ್ದಲ ಸೋರಿಸುತ್ತದೆ. 2.4ರಲ್ಲಿ ಚಾನೆಲ್ 1, 6, 11 ಇವುಗಳಲ್ಲಿ ಯಾವುದು ಖಾಲಿ ಇದೆಯೋ ಅದನ್ನು ಹಾಕಿ, ಅಗಲ 20ಕ್ಕೇ ಇಡಿ. 3 ಅಥವಾ 4 ಹಾಕಿ ಜಾಣತನ ಮಾಡಿದೆ ಅಂದುಕೊಳ್ಳಬೇಡಿ, ಆಗ ಎರಡೂ ಕಡೆಯವರ ಗದ್ದಲ ನಿಮಗೇ ಬರುತ್ತದೆ.

ರಿಪೀಟರ್ (ರೂಟರ್ ಸಿಗ್ನಲ್ ಹಿಡಿದು ಮುಂದಕ್ಕೆ ಮತ್ತೆ ಹಂಚುವ ಡಬ್ಬಿ) ತಂದವರು ಮಾಡುವ ತಪ್ಪು ಒಂದೇ: ಸಿಗ್ನಲ್ ಬಾರದ ಕೋಣೆಯಲ್ಲೇ ಅದನ್ನು ಇಡುವುದು. ಅದಕ್ಕೇ ಕೇಳಿಸದಿದ್ದರೆ ಅದು ನಿಮಗೆ ಏನು ಹೇಳೀತು? ಅರ್ಧ ದಾರಿಯಲ್ಲಿಡಿ, ಸಿಗ್ನಲ್ ಇನ್ನೂ ಮೈನಸ್ 60ರ ಆಸುಪಾಸು ಇರುವಲ್ಲಿ. ಆದರೂ ಒಂದೇ ಚಾನೆಲ್‌ನಲ್ಲಿ ಕೇಳಿ ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುವ ರಿಪೀಟರ್ ಆದರೆ ವೇಗ ಅರ್ಧಕ್ಕೆ ಇಳಿಯುತ್ತದೆ, ಒಂದೇ ಮಾತು ಗಾಳಿಯಲ್ಲಿ ಎರಡು ಸಲ ಹೋಗಬೇಕಲ್ಲ. ಎಲ್ಲಕ್ಕಿಂತ ಒಳ್ಳೆಯದು ಒಳಗಿನ ಕೋಣೆಗೆ ಒಂದು ಕೇಬಲ್ ಎಳೆದು ಅಲ್ಲಿ ಎರಡನೇ ವೈಫೈ ಇಡುವುದು. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ, ಮನೆಗೆ ಧಾರಾಳ ಸಾಕು. ಟಿವಿ, ಡೆಸ್ಕ್‌ಟಾಪ್‌ನಂತಹ ಕೂತಲ್ಲೇ ಇರುವ ಸಾಧನಗಳನ್ನೂ ಕೇಬಲ್‌ಗೆ ಹಾಕಿ, ಗಾಳಿ ಖಾಲಿಯಾಗುತ್ತದೆ.

ಇನ್ನೊಂದು ವಿಷಯ. ಇದನ್ನು ನೀವು ನೇರವಾಗಿ ಕೇಳಿಲ್ಲ, "ಕಾಲ್ ಕಟ್ ಆಗುತ್ತದೆ" ಎಂದು ನಡುವೆ ಸೇರಿಸಿದ್ದೀರಿ ಅಷ್ಟೇ. ನನಗೆ ಅದನ್ನು ಬಿಟ್ಟು ಹೋಗಲು ಮನಸ್ಸಾಗುತ್ತಿಲ್ಲ. ವಿಡಿಯೊ ಕಾಲ್‌ಗೆ 3-4 ಎಂಬಿಪಿಎಸ್ ಸಾಕು. ಸಿಗ್ನಲ್ ಚೆನ್ನಾಗಿರುವಲ್ಲೂ, 100ರ ಲೈನ್‌ನಲ್ಲೂ ಎಷ್ಟೋ ಮನೆಗಳಲ್ಲಿ ಕಾಲ್ ಒಡೆಯುತ್ತದೆ, ಸ್ಪೀಡ್ ಟೆಸ್ಟ್ ಮಾತ್ರ ಎಲ್ಲ ಸರಿ ಎಂದು ತೋರಿಸುತ್ತದೆ. ಯಾಕೆ?

ಅದೇ ಹೊತ್ತಿಗೆ ಮನೆಯಲ್ಲಿ ಯಾರದೋ ಫೋನ್ ಸುಮ್ನೆ ಫೋಟೊಗಳನ್ನು ಮೇಲಕ್ಕೆ ಕಳಿಸುತ್ತಿರುತ್ತದೆ. ಬಹಳಷ್ಟು ಲೈನ್‌ಗಳಲ್ಲಿ ಅಪ್‌ಲೋಡ್ ಕಿರಿದಾಗಿರುತ್ತದೆ. ಹೋಗಲು ಜಾಗ ಸಿಗದ ಡೇಟಾವನ್ನು ಮೋಡೆಮ್ ಅಥವಾ ರೂಟರ್ ಬಿಸಾಡುವುದಿಲ್ಲ, ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಆ ಸಾಲಿನಲ್ಲಿ 1 ಎಂಬಿ ನಿಂತಿದೆ, ಅಪ್‌ಲೋಡ್ 5 ಎಂಬಿಪಿಎಸ್ ಇದೆ ಅಂದುಕೊಳ್ಳಿ. 8 ಮೆಗಾಬಿಟ್ ಅನ್ನು 5ರಿಂದ ಭಾಗಿಸಿದರೆ 1.6 ಸೆಕೆಂಡ್. ನಿಮ್ಮ ದನಿ ಹೊತ್ತ ಪುಟ್ಟ ಪ್ಯಾಕೆಟ್ ಆ ಫೋಟೊಗಳ ಹಿಂದೆ ಅಷ್ಟು ಹೊತ್ತು ನಿಲ್ಲುತ್ತದೆ. ಮಾತುಕತೆ ಸಹಜವಾಗಿ ನಡೆಯಬೇಕಾದರೆ ಒಂದು ಕಡೆಯ ತಡ 150 ಮಿಲಿಸೆಕೆಂಡ್ ಮೀರಬಾರದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಇಲ್ಲಿ ಅದರ ಹತ್ತು ಪಟ್ಟು ಆಯ್ತು. ಈ ಕಾಯಿಲೆಗೆ ಬಫರ್‌ಬ್ಲೋಟ್ ಎಂದು ಹೆಸರು. 2010ರ ಸುಮಾರಿಗೆ ಜಿಮ್ ಗೆಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯ ನೆಟ್‌ನಲ್ಲೇ ಇದನ್ನು ಬೆನ್ನಟ್ಟಿ, ಎಲ್ಲರ ಗಮನ ಇದರ ಕಡೆ ತಿರುಗುವ ಹಾಗೆ ಮಾಡಿದರು.

ಪರೀಕ್ಷೆ ಸುಲಭ. ಕೇಬಲ್‌ನಲ್ಲಿರುವ ಲ್ಯಾಪ್‌ಟಾಪ್‌ನಿಂದ ಪಿಂಗ್ (ಪುಟ್ಟ ಪ್ಯಾಕೆಟ್ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಎಂದು ಅಳೆಯುವ ಕಮಾಂಡ್) ಹಾಕಿ ಬಿಡಿ, 15 ಅಥವಾ 20 ಮಿಲಿಸೆಕೆಂಡ್ ಬರುತ್ತಿರುತ್ತದೆ ಅಂದುಕೊಳ್ಳೋಣ. ಈಗ ಇನ್ನೊಂದು ಸಾಧನದಿಂದ ದೊಡ್ಡ ಫೈಲ್ ಒಂದನ್ನು ಅಪ್‌ಲೋಡ್ ಮಾಡಿ. ಪಿಂಗ್ 300, 500, ಸಾವಿರ ಎಂದು ಏರಿದರೆ ಕಾಲ್ ಒಡೆಯುವ ಕಾರಣ ಸಿಕ್ಕಿತು. ರೂಟರ್ ಸೆಟ್ಟಿಂಗ್‌ನಲ್ಲಿ ಈ ಸಾಲನ್ನು ಹದ್ದುಬಸ್ತಿನಲ್ಲಿಡುವ ಎಸ್‌ಕ್ಯೂಎಂ ಎಂಬ ಆಯ್ಕೆ ಇದೆಯಾ ನೋಡಿ, ಕೆಲವು ರೂಟರ್‌ಗಳಲ್ಲಿ ಎಫ್‌ಕ್ಯೂ ಕೋಡೆಲ್ ಅಥವಾ ಕೇಕ್ ಎಂದೂ ಬರೆದಿರುತ್ತದೆ. ಅದನ್ನು ಆನ್ ಮಾಡಿ, ಕೇಬಲ್‌ನಲ್ಲಿ ಅಳೆದ ವೇಗದ ಶೇ 90 ಅಂಕಿ ಹಾಕಿ, ಅಪ್‌ಲೋಡ್‌ಗೆ ಬೇರೆ, ಡೌನ್‌ಲೋಡ್‌ಗೆ ಬೇರೆ. ಆಗ ಸಾಲು ರೂಟರ್ ಕೈಯಲ್ಲೇ ಇರುತ್ತದೆ, ಅದು ಪುಟ್ಟ ಪ್ಯಾಕೆಟ್‌ಗಳನ್ನು ಫೋಟೊಗಳ ಹಿಂದೆ ನಿಲ್ಲಿಸದೆ ಮುಂದೆ ಬಿಡುತ್ತದೆ. ಮತ್ತೆ ಅದೇ ಅಪ್‌ಲೋಡ್, ಅದೇ ಪಿಂಗ್. ಇನ್ನೂ ಏರುತ್ತಿದ್ದರೆ ಅಪ್‌ಲೋಡ್ ಅಂಕಿಯನ್ನು ಶೇ 85ಕ್ಕೆ ಇಳಿಸಿ ಇನ್ನೊಮ್ಮೆ ನೋಡಿ.